ವಾಟರ್ ಪೋಲೊ ಆಡಿ ಹೊಟ್ಟೆಪಾಡು ನಡೆಯುತ್ತದಾ?

ನನ್ನ ಅಕ್ಕನ ಮಗನಿಗೆ ಈಗ ಹದಿಮೂರು. ಹಾಸನದಲ್ಲಿ ಓದುತ್ತಾನೆ. ರಜೆಗೆ ಬೇಲೂರಿನ ಹತ್ತಿರದ ನಮ್ಮೂರಿಗೆ ಬಂದರೆ ಅವನು ಮನೆಯಲ್ಲಿ ಇರುವುದು ಊಟಕ್ಕೆ ಮಾತ್ರ, ಉಳಿದ ಹೊತ್ತೆಲ್ಲ ಕೆರೆ. ಮೊನ್ನೆ ಮೊಬೈಲಿನಲ್ಲಿ 2024ರ ಪ್ಯಾರಿಸ್ ಒಲಿಂಪಿಕ್ಸಿನ ವಾಟರ್ ಪೋಲೊ ಫೈನಲ್ ನೋಡುತ್ತಾ ಕೂತಿದ್ದ. ಸರ್ಬಿಯಾ, ಕ್ರೊಯೇಷಿಯಾ. ಪಂದ್ಯ ಮುಗಿದ ಮೇಲೆ ಕೇಳಿದ: "ಮಾವ, ಇವ್ರಿಗೆಲ್ಲ ಇದೇ ಕೆಲಸಾನಾ? ಇದಕ್ಕೆ ಸಂಬಳ ಬರುತ್ತಾ?"

"ಬರುತ್ತೆ ಕಣೋ" ಅಂದೆ. ಆಮೇಲೆ ಯೋಚಿಸಿದರೆ ಅದು ಅರ್ಧ ಉತ್ತರ ಅನ್ನಿಸಿತು. ಕೆಲವರಿಗೆ ಬರುತ್ತದೆ, ಕೆಲವು ದೇಶಗಳಲ್ಲಿ ಬರುತ್ತದೆ, ಕೆಲವು ವರ್ಷ ಮಾತ್ರ ಬರುತ್ತದೆ. ಈಜಿನ ಹುಚ್ಚಿರುವ ಮಕ್ಕಳು ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಬೇಕಾದಷ್ಟಿದ್ದಾರೆ, ಅವರ ಅಪ್ಪ ಅಮ್ಮಂದಿರಿಗೂ ಇದೇ ಪ್ರಶ್ನೆ ಇರಬಹುದು. ಹಾಗಾಗಿ ಪೂರ್ತಿ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆಟ. ನೀರಿನಲ್ಲಿ ಆಡುವ ಹ್ಯಾಂಡ್‌ಬಾಲ್ ಅಂದುಕೊಳ್ಳಿ. ಒಂದು ಕಡೆಗೆ ಏಳು ಜನ, ಅದರಲ್ಲಿ ಒಬ್ಬ ಗೋಲ್‌ಕೀಪರ್. ಎಂಟೆಂಟು ನಿಮಿಷದ ನಾಲ್ಕು ಭಾಗ. ಆಟ ನಿಂತಾಗಲೆಲ್ಲ ಗಡಿಯಾರವೂ ನಿಲ್ಲುತ್ತದೆ, ಹಾಗಾಗಿ 32 ನಿಮಿಷದ ಆಟ ಮುಗಿಯುವುದಕ್ಕೆ ಒಂದು ಗಂಟೆ ಬೇಕೇ ಬೇಕು. ಗೋಲು 3 ಮೀಟರ್ ಅಗಲ, ನೀರಿನಿಂದ 90 ಸೆಂಟಿಮೀಟರ್ ಎತ್ತರ. ಗೋಲ್‌ಕೀಪರ್ ಬಿಟ್ಟು ಬೇರೆ ಯಾರೂ ಚೆಂಡನ್ನು ಎರಡು ಕೈಯಲ್ಲಿ ಮುಟ್ಟುವಂತಿಲ್ಲ. ಚೆಂಡು ಸಿಕ್ಕಿದ ತಂಡ ಸುಮಾರು ಅರ್ಧ ನಿಮಿಷದೊಳಗೆ ಗೋಲಿನ ಕಡೆ ಎಸೆಯಲೇಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಇಡೀ ಆಟದಲ್ಲಿ ನೆಲಕ್ಕೆ ಕಾಲು ಊರುವಂತಿಲ್ಲ. ದೊಡ್ಡ ಪಂದ್ಯಗಳ ಕೊಳ 2 ಮೀಟರ್ ಆಳ ಇರುತ್ತದೆ, ಊರಬೇಕು ಅಂದರೂ ಆಗುವುದಿಲ್ಲ.

ನೆಲ ಇಲ್ಲ ಅನ್ನುವ ಈ ಒಂದು ವಿಷಯದಲ್ಲೇ ಇಡೀ ಆಟ ಇದೆ. ನಮ್ಮ ಕಡೆ ಹಿಂದೆ ಸೋರೆಬುರುಡೆ ಬೆನ್ನಿಗೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದರು. ಬುರುಡೆ ಬಿಚ್ಚಿದ ಮೊದಲ ದಿನ ನೆನಪಿದೆಯಾ? ಕೈಯೂ ಬಡಿಯಬೇಕು, ಕಾಲೂ ಬಡಿಯಬೇಕು, ಒಂದು ನಿಲ್ಲಿಸಿದರೂ ಮೂಗಿಗೆ ನೀರು. ವಾಟರ್ ಪೋಲೊದಲ್ಲಿ ಕೈ ಈಜುವುದಕ್ಕೆ ಸಿಗುವುದಿಲ್ಲ, ಅದು ಚೆಂಡಿಗೆ ಬೇಕು, ಎದುರಾಳಿಯನ್ನು ತಡೆಯುವುದಕ್ಕೆ ಬೇಕು. ಅಂದರೆ ತೇಲುವ ಕೆಲಸ ಪೂರ್ತಿ ಕಾಲಿನದು. ಕುರ್ಚಿಯ ಮೇಲೆ ಕೂತ ಹಾಗೆ ತೊಡೆ ಅಗಲಿಸಿ, ಮೊಣಕಾಲಿನಿಂದ ಕೆಳಗೆ ಎರಡು ಕಾಲನ್ನೂ ಒಂದಾದ ಮೇಲೊಂದರಂತೆ ಸುತ್ತು ತಿರುಗಿಸುತ್ತಾರೆ, ಬಲಗಾಲು ಒಂದು ದಿಕ್ಕಿಗೆ, ಎಡಗಾಲು ಅದಕ್ಕೆ ಎದುರು ದಿಕ್ಕಿಗೆ. ಮೊಟ್ಟೆ ಕದಡುವ ಸಲಕರಣೆಯ ಹಾಗೆ ಕಾಣುವುದರಿಂದ ಇದಕ್ಕೆ ಎಗ್‌ಬೀಟರ್ ಅನ್ನುತ್ತಾರೆ. ಎರಡು ಕಡಗೋಲು ಅಕ್ಕಪಕ್ಕ ಇಟ್ಟು ಒಟ್ಟಿಗೆ ಮಜ್ಜಿಗೆ ಕಡೆದ ಹಾಗೆ ಅಂದರೆ ನಮ್ಮ ಅಜ್ಜಿಗೂ ಅರ್ಥವಾಗುತ್ತದೆ. ಇದು ಚೆನ್ನಾಗಿ ಬಂದವನು ನೀರಿನಲ್ಲಿ ನಿಂತೇ ಇರುತ್ತಾನೆ. ಎಸೆಯುವ ಕ್ಷಣಕ್ಕೆ ಸೊಂಟದವರೆಗೂ ಮೇಲೆ ಎದ್ದು, 400 ಗ್ರಾಂಗೂ ಜಾಸ್ತಿ ತೂಕದ ಚೆಂಡನ್ನು ಗಂಟೆಗೆ 70 ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಒಂದೇ ಕೈಯಲ್ಲಿ ಎಸೆಯುತ್ತಾನೆ. ಇದನ್ನು ಮೊದಲ ಸಲ ಸರಿಯಾಗಿ ಗಮನಿಸಿ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು.

ಇನ್ನೊಂದು ವಿಷಯ, ಇದರಲ್ಲಿ ಕುಸ್ತಿಯೂ ಇದೆ. ಚೆಂಡು ಕೈಯಲ್ಲಿದ್ದವನನ್ನು ಹಿಡಿಯಬಹುದು, ಎಳೆಯಬಹುದು, ಮುಳುಗಿಸಲೂಬಹುದು. ಅವನು ಚೆಂಡು ಬಿಟ್ಟ ಕ್ಷಣದಿಂದ ಹಾಗೆ ಹಿಡಿದು ಎಳೆಯುವಂತಿಲ್ಲ. ಚೆಂಡಿಲ್ಲದವನನ್ನು ಹಿಡಿದು ಎಳೆದರೆ ಸ್ವಲ್ಪ ಹೊತ್ತು ಹೊರಗೆ ಕಳಿಸುತ್ತಾರೆ, ಆಗ ಗೋಲ್‌ಕೀಪರ್ ಬಿಟ್ಟು ಆರು ಜನರ ಎದುರು ಐದೇ ಜನ ಆಡಬೇಕು. ಇಂಥ ತಪ್ಪು ಮೂರಾದರೆ ಆ ಪಂದ್ಯದಲ್ಲಿ ಮತ್ತೆ ನೀರಿಗೆ ಇಳಿಯುವಂತಿಲ್ಲ. ಗೋಲಿನ ಎದುರಿಗೇ ಬೆನ್ನು ಮಾಡಿ ನಿಲ್ಲುವವನು ಸೆಂಟರ್ ಫಾರ್ವರ್ಡ್, ಅವನ ಬೆನ್ನಿಗೆ ಅಂಟಿಕೊಂಡಿರುವವನು ಎದುರಾಳಿಯ ಸೆಂಟರ್ ಬ್ಯಾಕ್. ಇವರಿಬ್ಬರ ಜಗ್ಗಾಟದಲ್ಲಿ ಹೆಚ್ಚಿನದು ನೀರಿನ ಕೆಳಗೆ ನಡೆಯುತ್ತದೆ, ದಡದ ಮೇಲಿರುವ ರೆಫರಿಗೆ ಕಾಣುವುದು ಸ್ವಲ್ಪ. ಪಂದ್ಯಕ್ಕೆ ಮುಂಚೆ ಆಟಗಾರರ ಉಗುರು ನೋಡುವುದು ಅದಕ್ಕೇ. ಟೋಪಿಯಲ್ಲಿ ಕಿವಿಯ ಮೇಲೆ ಗಟ್ಟಿ ಪ್ಲಾಸ್ಟಿಕ್ ಇರುವುದೂ ಅದಕ್ಕೇ, ಕಿವಿಗೆ ಚೆಂಡೋ ಕೈಯೋ ಬಡಿದರೆ ತಮಟೆ ಹರಿದುಹೋಗಬಹುದು.

ಈಗ ಸಂಬಳದ ಮಾತು.

ವಾಟರ್ ಪೋಲೊ ಆಡಿಸಿ ಹಣ ಕೊಡುವ ಕ್ಲಬ್‌ಗಳು ಹೆಚ್ಚಾಗಿ ಇರುವುದು ಯುರೋಪಿನ ಕೆಲವೇ ದೇಶಗಳಲ್ಲಿ. ಹಂಗೇರಿ, ಇಟಲಿ, ಸ್ಪೇನ್, ಗ್ರೀಸ್, ಕ್ರೊಯೇಷಿಯಾ, ಸರ್ಬಿಯಾ, ಮಾಂಟೆನೆಗ್ರೊ, ಹೀಗೆ. ಇದರಲ್ಲಿ ನನಗೆ ಬಹಳ ಇಷ್ಟದ ಕಥೆ ಹಂಗೇರಿಯದು. ಆ ದೇಶಕ್ಕೆ ಸಮುದ್ರವೇ ಇಲ್ಲ, ನಮ್ಮ ಹಾಸನ ಜಿಲ್ಲೆಯ ಹಾಗೆ. ಜನಸಂಖ್ಯೆ ಒಂದು ಕೋಟಿಗಿಂತ ಕಡಿಮೆ. ಆದರೂ ಗಂಡಸರ ವಾಟರ್ ಪೋಲೊದಲ್ಲಿ ಒಂಬತ್ತು ಒಲಿಂಪಿಕ್ ಚಿನ್ನ ಅವರದು, ಅದರಲ್ಲಿ 2000, 2004, 2008 ಸಾಲಾಗಿ ಮೂರು. ಇದು ಹೇಗೆ ಆಯಿತು ಅಂದರೆ, ಅಲ್ಲಿ ನೆಲದಿಂದ ಬಿಸಿನೀರಿನ ಬುಗ್ಗೆಗಳು ಏಳುತ್ತವೆ. ಹೊರಗೆ ಹಿಮ ಬೀಳುತ್ತಿದ್ದರೂ ಕೊಳದ ನೀರು ಬೆಚ್ಚಗೆ ಇಡುವುದು ಅವರಿಗೆ ಸುಲಭ. ಬುಡಾಪೆಸ್ಟಿನ ನಡುವೆ ಡ್ಯಾನ್ಯೂಬ್ ನದಿಯ ದ್ವೀಪದಲ್ಲಿ 1930ರಲ್ಲೇ ಒಂದು ದೊಡ್ಡ ಈಜುಕೊಳ ಕಟ್ಟಿದರು. ಅದರ ನಕ್ಷೆ ಮಾಡಿದ ಆಲ್ಫ್ರೆಡ್ ಹಾಯೋಶ್ 1896ರ ಮೊದಲ ಒಲಿಂಪಿಕ್ಸಿನಲ್ಲಿ ಈಜಿ ಚಿನ್ನ ಗೆದ್ದವರು. ಈಜುಗಾರನೇ ಕೊಳ ಕಟ್ಟಿದ ದೇಶ. ನೀರು, ಕೊಳ, ಕಲಿಸುವವರು ಮೂರೂ ಒಂದೇ ಕಡೆ ಸೇರಿ ತಲೆಮಾರುಗಟ್ಟಲೆ ನಡೆದುಕೊಂಡು ಬಂದರೆ ಹೀಗಾಗುತ್ತದೆ.

ಇಟಲಿಯ ರೆಕ್ಕೊ ಅನ್ನುವ ಊರನ್ನೂ ನೋಡಿ. ಸಮುದ್ರದ ದಡದ ಪುಟ್ಟ ಊರು, ಹೆಚ್ಚುಕಮ್ಮಿ ಹತ್ತು ಸಾವಿರ ಜನ. ಅಂದರೆ ನಮ್ಮ ಮೂಡಿಗೆರೆ ಪೇಟೆಯಷ್ಟು. ಆ ಊರಿನ ಪ್ರೊ ರೆಕ್ಕೊ ಕ್ಲಬ್ ಯುರೋಪಿನ ಚಾಂಪಿಯನ್ ಪಟ್ಟವನ್ನು ಹತ್ತಕ್ಕೂ ಜಾಸ್ತಿ ಸಲ ಗೆದ್ದಿದೆ. ಬೇರೆ ಬೇರೆ ದೇಶಗಳ ಒಲಿಂಪಿಕ್ ಆಟಗಾರರು ಅಲ್ಲಿಗೆ ಬಂದು ಸಂಬಳಕ್ಕೆ ಆಡುತ್ತಾರೆ.

ಅಂಥ ಕಡೆ ಹುಟ್ಟಿದ ಮಗುವಿನ ದಾರಿ ಹೀಗಿರುತ್ತದೆ. ಏಳೆಂಟು ವರ್ಷಕ್ಕೆ ಊರಿನ ಕ್ಲಬ್ಬಿನಲ್ಲಿ ಈಜು. ಹತ್ತರ ಹೊತ್ತಿಗೆ ಕೈಗೆ ಚೆಂಡು. ಆಮೇಲೆ ವಯಸ್ಸಿನ ಪ್ರಕಾರ ತಂಡ, ಒಂದೊಂದು ಮೆಟ್ಟಿಲಲ್ಲೂ ಕೆಲವರು ಉದುರುತ್ತಾ ಹೋಗುತ್ತಾರೆ. ಹದಿನೇಳು ಹದಿನೆಂಟಕ್ಕೆ ದೊಡ್ಡವರ ತಂಡದ ಜೊತೆ ಅಭ್ಯಾಸ ಸಿಕ್ಕರೆ ಬಾಗಿಲು ತೆರೆದ ಹಾಗೆ. ಮೊದಲ ಒಪ್ಪಂದದಲ್ಲಿ ಸಿಗುವುದು ಸಣ್ಣ ಮೊತ್ತ. ಒಳ್ಳೆಯ ಆಟಗಾರ ಅನ್ನಿಸಿಕೊಂಡ ಮೇಲೆ ಒಂದು ಅಥವಾ ಎರಡು ಸೀಸನ್ನಿಗೆ ಒಪ್ಪಂದ, ಬೇರೆ ಊರಿನ ಕ್ಲಬ್ ಆದರೆ ಸಂಬಳದ ಜೊತೆ ಇರಲು ಮನೆ. ಸೀಸನ್ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಶುರುವಾಗಿ ಮುಂದಿನ ಬೇಸಿಗೆಗೆ ಮುಗಿಯುತ್ತದೆ. ದೇಶದ ತಂಡಕ್ಕೆ ಆಯ್ಕೆಯಾದವರಿಗೆ ಆಮೇಲೂ ಬಿಡುವಿಲ್ಲ, ದೊಡ್ಡ ಪಂದ್ಯಾವಳಿಗಳು ಸಾಮಾನ್ಯವಾಗಿ ಅದೇ ಬೇಸಿಗೆಯಲ್ಲಿ. ದಿನಕ್ಕೆ ಎರಡು ಹೊತ್ತು ಅಭ್ಯಾಸ. ಬೆಳಗ್ಗೆ ಜಿಮ್ ಮತ್ತು ಈಜು, ಸಂಜೆ ಚೆಂಡು ಮತ್ತು ಆಟ. ನೀರಿನಲ್ಲಿ ಎಷ್ಟು ಹೊತ್ತು ಇರುತ್ತಾರೆ ಅಂದರೆ ಕ್ಲೋರಿನ್ ವಾಸನೆ ಮೈಗೇ ಅಂಟಿಕೊಂಡಿರುತ್ತದೆ.

ಇಷ್ಟೆಲ್ಲ ಮಾಡಿದರೂ ಹಣ ಯಾಕೆ ಕಡಿಮೆ? ಕ್ರೀಡೆಗೆ ಹಣ ಬರುವುದು ಟಿವಿಯಿಂದ, ಟಿಕೆಟ್ಟಿನಿಂದ, ಜಾಹೀರಾತಿನಿಂದ. ಕೊಳದ ಪಕ್ಕ ಕೂರುವ ಜಾಗ ಎಷ್ಟಿರುತ್ತದೆ ಹೇಳಿ? ಟಿವಿಯಲ್ಲಿ ಕಾಣುವುದು ಟೋಪಿ ಹಾಕಿದ ತಲೆಗಳು, ಮುಖ ಗುರುತು ಸಿಗುವುದಿಲ್ಲ, ಅರ್ಧ ಆಟ ನೀರಿನ ಕೆಳಗೆ. ಹಾಗಾಗಿ ಬಹಳ ಕ್ಲಬ್‌ಗಳು ನಡೆಯುವುದು ಒಬ್ಬ ಸಿರಿವಂತನ ಪ್ರೀತಿಯಿಂದ, ಇಲ್ಲವೇ ಊರಿನ ಪುರಸಭೆಯ ಅಥವಾ ಸರ್ಕಾರದ ನೆರವಿನಿಂದ. ಆ ಕೈ ಹಿಂದೆ ಸರಿದರೆ ಮುಂದಿನ ಸೀಸನ್ನಿಗೆ ತಂಡವೇ ಇರುವುದಿಲ್ಲ. ಕಾಫಿ ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ: ದುಡ್ಡು ಬರುವುದು ಕೊಯ್ಲಿನ ಕಾಲಕ್ಕೆ, ಖರ್ಚು ವರ್ಷವಿಡೀ, ಮುಂದಿನ ವರ್ಷದ ಬೆಲೆ ಯಾರ ಕೈಯಲ್ಲೂ ಇಲ್ಲ. ತುದಿಯಲ್ಲಿರುವ ಕೆಲವರು ಚೆನ್ನಾಗಿ ಸಂಪಾದಿಸುತ್ತಾರೆ. ಮಧ್ಯದಲ್ಲಿರುವವರದು ಸಾಧಾರಣ ಸಂಬಳ. ಕೆಳಗಿನ ಲೀಗ್‌ಗಳಲ್ಲಿ ಆಡುವವರು ಬೆಳಗ್ಗೆ ಬೇರೆ ಕೆಲಸ ಮಾಡಿ ಸಂಜೆ ಕೊಳಕ್ಕೆ ಬರುತ್ತಾರೆ.

ಹೆಣ್ಣುಮಕ್ಕಳಿಗೆ ಇನ್ನೂ ಕಷ್ಟ. ಗಂಡಸರ ವಾಟರ್ ಪೋಲೊ 1900ರಿಂದಲೇ ಒಲಿಂಪಿಕ್ಸಿನಲ್ಲಿದೆ, ಹೆಂಗಸರದು ಸೇರಿದ್ದು 2000ದಲ್ಲಿ. ಪೂರ್ತಿ ನೂರು ವರ್ಷ ತಡ. ಅಮೆರಿಕದ ಹೆಂಗಸರ ತಂಡ 2012, 2016 ಮತ್ತು 2021ರಲ್ಲಿ ನಡೆದ ಟೋಕಿಯೊ, ಹೀಗೆ ಸಾಲಾಗಿ ಮೂರು ಒಲಿಂಪಿಕ್ ಚಿನ್ನ ಗೆದ್ದಿತು. ಆ ಮೂರೂ ಚಿನ್ನದಲ್ಲಿ ಪಾಲಿದ್ದ ನಾಯಕಿ ಮ್ಯಾಗಿ ಸ್ಟೆಫನ್ಸ್, ಪ್ಯಾರಿಸ್ ಒಲಿಂಪಿಕ್ಸಿಗೆ ಮುಂಚೆ ಇನ್‌ಸ್ಟಾಗ್ರಾಮಿನಲ್ಲಿ ನೇರವಾಗಿ ಬರೆದರು: ಒಲಿಂಪಿಕ್ ಆಟಗಾರರಲ್ಲಿ ಬಹಳ ಜನ ಎರಡನೇ, ಮೂರನೇ ಕೆಲಸ ಮಾಡಿಕೊಂಡು ಆಡುತ್ತಿದ್ದಾರೆ, ನೆರವು ಬೇಕು ಅಂತ. ಅದನ್ನು ಓದಿದ ಫ್ಲೇವರ್ ಫ್ಲಾವ್ ಅನ್ನುವ ರ‍್ಯಾಪ್ ಹಾಡುಗಾರ ಮುಂದೆ ಬಂದು ತಂಡದ ಪ್ರಾಯೋಜಕರಾದರು, ಪ್ಯಾರಿಸ್ಸಿಗೂ ಹೋಗಿ ಕೂತು ಕೂಗಿದರು. ಕೇಳಲು ಸಂತೋಷದ ಸುದ್ದಿಯೇ. ಆದರೆ ಜಗತ್ತನ್ನೇ ಗೆದ್ದ ತಂಡ ಹೀಗೆ ಕೇಳಿಕೊಳ್ಳಬೇಕಾಯಿತಲ್ಲ, ಅದು ನನ್ನ ಮನಸ್ಸಿನಲ್ಲಿ ಉಳಿದಿದೆ. ಅಮೆರಿಕದಲ್ಲಿ ಈ ಆಟ ನಡೆಯುವುದು ಹೆಚ್ಚಾಗಿ ಕಾಲೇಜುಗಳಲ್ಲಿ. ಆಡಿದರೆ ಓದಿನ ಫೀಸಿಗೆ ನೆರವು ಸಿಗುತ್ತದೆ, ಪದವಿ ಮುಗಿದ ಮೇಲೆ ಸಂಬಳಕ್ಕೆ ಆಡಬೇಕು ಅಂದರೆ ಯುರೋಪಿನ ವಿಮಾನ ಹತ್ತಬೇಕು.

ಎರಡು ದೋಣಿಯಲ್ಲಿ ಕಾಲಿಡಬೇಡ ಅಂತ ನಮ್ಮಲ್ಲಿ ಹೇಳುತ್ತಾರೆ. ಈ ಆಟದಲ್ಲಿ ಇಡಲೇಬೇಕು. ಆಡುತ್ತಿರುವಾಗಲೇ ಒಂದು ಓದು, ಒಂದು ಕಸುಬು ಕೈಯಲ್ಲಿರಬೇಕು. ಯುರೋಪಿನ ಆಟಗಾರರಲ್ಲಿ ಕಾನೂನು, ಅರ್ಥಶಾಸ್ತ್ರ, ಎಂಜಿನಿಯರಿಂಗ್ ಓದಿಕೊಂಡೇ ಆಡುವವರು ಇದ್ದಾರೆ. ಹಂಗೇರಿಯಲ್ಲಿ ಒಲಿಂಪಿಕ್ ಪದಕ ಗೆದ್ದವರಿಗೆ 35 ವರ್ಷ ತುಂಬಿದ ಮೇಲೆ ಸರ್ಕಾರ ಜೀವನಪೂರ್ತಿ ತಿಂಗಳ ಹಣ ಕೊಡುತ್ತದೆ, ಆದರೆ ಬದಲಿ ಆಟಗಾರರೂ ಸೇರಿ ಒಂದು ಒಲಿಂಪಿಕ್ ತಂಡದಲ್ಲಿ ಇರುವುದೇ ಹದಿಮೂರು ಜನ, ಪದಕ ಬರುವುದು ಎಲ್ಲರ ಹಣೆಯಲ್ಲಿ ಇರುವುದಿಲ್ಲ.

ದೇಹ ಕೊಡುವ ಬೆಲೆಯ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ನೀರಿನ ಆಟ, ಮೈಗೆ ಹಗುರ ಅಂದುಕೊಳ್ಳುವುದು ತಪ್ಪು. ಮೊದಲು ಸವೆಯುವುದು ಭುಜ. ಓಡುವವನು ನೆಲವನ್ನು ಒದ್ದು ಬಲ ತೆಗೆದುಕೊಳ್ಳುತ್ತಾನೆ, ಇಲ್ಲಿ ಒದೆಯುವುದಕ್ಕೆ ನೆಲವೇ ಇಲ್ಲ, ಎಸೆತದ ಭಾರ ಸೊಂಟ ಮತ್ತು ಭುಜಕ್ಕೇ ಬೀಳುತ್ತದೆ. ಅದರ ಜೊತೆಗೆ ದಿನಾ ಕಿಲೋಮೀಟರುಗಟ್ಟಲೆ ಈಜು. ಕಾಲು ತಿರುಗಿಸಿ ತಿರುಗಿಸಿ ತೊಡೆಸಂದು, ಮೊಣಕಾಲು ನೋಯುತ್ತವೆ. ಬೆರಳು ಮುರಿಯುವುದು, ಮೂಗಿಗೆ ಮೊಣಕೈ ಬಡಿಯುವುದು ಇದ್ದದ್ದೇ. ತಲೆಗೆ ಪೆಟ್ಟು ಬೀಳುವುದನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು, ಅದರಲ್ಲೂ ಗೋಲ್‌ಕೀಪರುಗಳು. ಹತ್ತಿರದಿಂದ ಎಸೆದ ಚೆಂಡು ಹಣೆಗೆ ಬಡಿದು, ಆಮೇಲೆ ತಲೆಸುತ್ತು, ವಾಂತಿ, ಮರೆವು ಏನಾದರೂ ಬಂದರೆ ಆ ದಿನ ಮತ್ತೆ ನೀರಿಗೆ ಇಳಿಯಲೇಬಾರದು.

ಇಷ್ಟಾದರೂ ಆಟದ ವಯಸ್ಸು ಮಾತ್ರ ಉದ್ದ. ಸ್ಪೇನಿನ ಮನುಯೆಲ್ ಎಸ್ಟಿಯಾರ್ಟೆ 1980ರಿಂದ 2000ದವರೆಗೆ ಸಾಲಾಗಿ ಆರು ಒಲಿಂಪಿಕ್ಸ್ ಆಡಿದರು, ಹದಿನೆಂಟಕ್ಕೆ ಶುರು, ಮೂವತ್ತೆಂಟಕ್ಕೆ ಮುಗಿಸಿದ್ದು. ಚಿನ್ನ ಸಿಕ್ಕಿದ್ದು ಐದನೇ ಸಲ, 1996ರಲ್ಲಿ. ಆಮೇಲೆ ಅವರು ಫುಟ್ಬಾಲ್ ತರಬೇತುದಾರ ಪೆಪ್ ಗಾರ್ಡಿಯೊಲಾ ಜೊತೆ ಸೇರಿ ಬಾರ್ಸಿಲೋನಾ, ಬೇಯರ್ನ್, ಮ್ಯಾಂಚೆಸ್ಟರ್ ಸಿಟಿ ತಂಡಗಳಲ್ಲಿ ಕೆಲಸ ಮಾಡಿದರು. ಹಳೆಯ ಕಾಲದ ಒಬ್ಬರ ಹೆಸರನ್ನೂ ಹೇಳಲೇಬೇಕು: ಹಂಗೇರಿಯ ಒಲಿವೆರ್ ಹಲಾಶಿ. ಚಿಕ್ಕಂದಿನಲ್ಲಿ ಅಪಘಾತವಾಗಿ ಒಂದು ಕಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಅವರು 1928ರಲ್ಲಿ ಬೆಳ್ಳಿ, 1932 ಮತ್ತು 1936ರಲ್ಲಿ ಚಿನ್ನ ಗೆದ್ದ ತಂಡದಲ್ಲಿ ಆಡಿದರು. ಕಾಲಿನ ಮೇಲೇ ನಿಂತ ಆಟದಲ್ಲಿ, ಒಂದೂವರೆ ಕಾಲಿನಲ್ಲಿ. ಇದನ್ನು ನನ್ನ ಅಳಿಯನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಇನ್ನು ನಮ್ಮ ದೇಶ. ಬಹಳ ಜನಕ್ಕೆ ಗೊತ್ತಿಲ್ಲ, ಭಾರತದ ವಾಟರ್ ಪೋಲೊ ತಂಡ ಎರಡು ಒಲಿಂಪಿಕ್ಸ್ ಆಡಿದೆ. 1948ರ ಲಂಡನ್, 1952ರ ಹೆಲ್ಸಿಂಕಿ. ಲಂಡನ್ನಿನಲ್ಲಿ ಚಿಲಿ ದೇಶವನ್ನು 7-4ರಿಂದ ಸೋಲಿಸಿದೆವು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಗೇಮ್ಸಿನಲ್ಲಿ ಚಿನ್ನ, 1970ರಲ್ಲಿ ಬ್ಯಾಂಕಾಕಿನಲ್ಲಿ ಬೆಳ್ಳಿ, 1982ರಲ್ಲಿ ಮತ್ತೆ ದೆಹಲಿಯಲ್ಲಿ ಕಂಚು. ಅಲ್ಲಿಗೆ ನಿಂತಿತು. ಅಂದಹಾಗೆ, ಪೋಲೊ ಅನ್ನುವ ಹೆಸರು ಬಂದಿದ್ದೇ ನಮ್ಮ ಕಡೆಯಿಂದ. ಲಡಾಖ್ ಮತ್ತು ಅದರಾಚೆ ಆಡುವ ಬಾಲ್ಟಿ ಭಾಷೆಯಲ್ಲಿ ಪುಲು ಅಂದರೆ ಚೆಂಡು.

ಭಾರತದಲ್ಲಿ ಇವತ್ತು ಸಂಬಳ ಕೊಟ್ಟು ಆಡಿಸುವ ಯುರೋಪಿನಂಥ ಕ್ಲಬ್ ವ್ಯವಸ್ಥೆ ಇಲ್ಲ. ಇಲ್ಲಿ ವಾಟರ್ ಪೋಲೊ ಆಡಿ ಬದುಕು ಕಟ್ಟಿಕೊಳ್ಳುವುದು ಅಂದರೆ ಸರ್ಕಾರಿ ನೌಕರಿ. ರೈಲ್ವೆ, ಸೇನಾಪಡೆಗಳು, ಪೊಲೀಸ್, ಇವುಗಳ ತಂಡಗಳು ರಾಷ್ಟ್ರಮಟ್ಟದಲ್ಲಿ ಆಡುತ್ತವೆ, ಆಟಗಾರರನ್ನು ಕ್ರೀಡಾ ಕೋಟಾದಲ್ಲಿ ತೆಗೆದುಕೊಳ್ಳುತ್ತವೆ. ತಿಂಗಳ ಸಂಬಳ, ಪಂದ್ಯಕ್ಕೆ ರಜೆ, ಆಡುವುದು ನಿಂತ ಮೇಲೂ ಕೆಲಸ ಇರುತ್ತದೆ. ನನ್ನ ಪ್ರಕಾರ ಭದ್ರತೆಯ ಲೆಕ್ಕದಲ್ಲಿ ಇದು ಯುರೋಪಿನ ಎಷ್ಟೋ ಆಟಗಾರರ ಪಾಡಿಗಿಂತ ವಾಸಿ. ಆಟದ ಲೆಕ್ಕದಲ್ಲಿ ಹಾಗೆ ಹೇಳುವಂತಿಲ್ಲ, ಏಕೆಂದರೆ ವಾರವಾರವೂ ಗಟ್ಟಿ ಎದುರಾಳಿ ಸಿಗುವುದಿಲ್ಲ, ಎದುರಾಳಿ ಸಿಗದೆ ಯಾರೂ ಬೆಳೆಯುವುದಿಲ್ಲ. ಕೇರಳದಲ್ಲಿ ತಿರುವನಂತಪುರದ ಹತ್ತಿರ ಪಿರಪ್ಪನ್‌ಕೋಡ್ ಅಂತ ಒಂದು ಊರಿದೆ, ಈಜಿಗೆ ಹೆಸರಾದ ಊರು. 2015ರ ರಾಷ್ಟ್ರೀಯ ಕ್ರೀಡಾಕೂಟದ ಈಜು ಸ್ಪರ್ಧೆ ನಡೆದಿದ್ದು ಅಲ್ಲಿಯ ಕೊಳದಲ್ಲೇ. ರಾಜಧಾನಿಯ ಹೊರಗೆ ಅಂಥ ಕೊಳ ಕಟ್ಟಬಹುದು ಅನ್ನುವುದಕ್ಕೆ ಅದು ಸಾಕ್ಷಿ, ಅಲ್ವಾ?

ಹಾಸನ, ಚಿಕ್ಕಮಗಳೂರಿನ ಮಗುವಿಗೆ ಏನು ದಾರಿ? ಆಡಲು ಆಳದ ಕೊಳ ಬೇಕು. ನಮ್ಮ ಕಡೆ ಈಜುಕೊಳ ಅಂದರೆ ಒಂದು ತುದಿ ಎದೆಮಟ್ಟ, ಇನ್ನೊಂದು ತುದಿ ಆಳ. ಅದರಲ್ಲಿ ಈಜಬಹುದು, ಪೂರ್ತಿ ಪಂದ್ಯ ಆಡಲಾಗುವುದಿಲ್ಲ. ಎರಡು ತಂಡಕ್ಕೆ ಹದಿನಾಲ್ಕು ಜನ ಬೇಕು, ಗೋಲು ಬೇಕು, ಕಲಿಸುವವರು ಬೇಕು. ನಾನು ಒಂದು ಕಡೆ ಹೋಗಿ, ಬೆಳಗಿನ ಹೊತ್ತು ಒಂದು ಗಂಟೆ ಮಕ್ಕಳಿಗೆ ಚೆಂಡು ಕೊಟ್ಟು ಆಡಿಸಬಹುದಾ ಅಂತ ಕೇಳಿದೆ. ಚೆಂಡು ಒಳಗೆ ಬಿಡುವುದಿಲ್ಲ ಅಂದರು. ಹಾಗಾಗಿ ಸದ್ಯಕ್ಕೆ ಇಲ್ಲಿ ಆಗುವುದು ಅಡಿಪಾಯ. ಹದಿನಾಲ್ಕು ಹದಿನೈದರವರೆಗೆ ಒಳ್ಳೆಯ ಈಜುಗಾರ ಆಗುವುದು, ಎರಡು ಕಡೆಗೂ ಉಸಿರು ತೆಗೆದುಕೊಂಡು ಫ್ರೀಸ್ಟೈಲ್ ಈಜುವುದು, ತಲೆ ಮೇಲೆತ್ತಿ ಈಜುವುದು, ಕೈ ಮೇಲೆ ಮಾಡಿ ಕಾಲಿನಲ್ಲೇ ನಿಲ್ಲುವುದು. ಇದಕ್ಕೆ ಚೆಂಡೂ ಬೇಡ, ತಂಡವೂ ಬೇಡ. ಹ್ಯಾಂಡ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಆಡುವ ಶಾಲೆಯಾದರೆ ಇನ್ನೂ ಒಳ್ಳೆಯದು, ಯಾರು ಎಲ್ಲಿದ್ದಾರೆ ಅಂತ ನೋಡಿ ಎಸೆಯುವ ಕಣ್ಣು ಅಲ್ಲಿ ಬರುತ್ತದೆ. ಆಮೇಲೆ ಬೆಂಗಳೂರು. ರಾಜ್ಯ ತಂಡದ ಆಯ್ಕೆ ನಡೆಯುವುದು ರಾಜ್ಯ ಈಜು ಸಂಸ್ಥೆಯ ಮೂಲಕ, ಕ್ಲಬ್‌ಗಳು ಇರುವುದೂ ಅಲ್ಲೇ. ಹಾಸನದಿಂದ ಬೆಂಗಳೂರಿಗೆ 2017ರಿಂದ ಶ್ರವಣಬೆಳಗೊಳದ ಮೇಲೆ ನೇರ ರೈಲಿದೆ, ಆದರೂ ದಿನಾ ಹೋಗಿ ಬರುವ ದೂರ ಅಲ್ಲ. ಪಿಯುಸಿ ಹೊತ್ತಿಗೆ ಅಲ್ಲೇ ಇದ್ದು ಓದುತ್ತಾ ಆಡುವ ತೀರ್ಮಾನ ಮನೆಯವರೆಲ್ಲ ಕೂತು ಮಾಡಬೇಕು, ಖರ್ಚಿನ ಲೆಕ್ಕವನ್ನೂ ಮಗುವಿನ ಎದುರಿಗೇ ಹಾಕಬೇಕು.

ಕೆರೆಯ ಬಗ್ಗೆ ಒಂದು ಮಾತು, ದಯವಿಟ್ಟು ಕೇಳಿ. ಕೆರೆಯಲ್ಲಿ ಹೂಳು ಇರುತ್ತದೆ, ಕಾಲಿಗೆ ಜೊಂಡು ಸುತ್ತುತ್ತದೆ, ತೂಬಿನ ಹತ್ತಿರ ಸೆಳೆತ ಇರುತ್ತದೆ. ಪ್ರತಿ ಬೇಸಿಗೆಯಲ್ಲಿ ನಮ್ಮ ಜಿಲ್ಲೆಗಳಲ್ಲಿ ಮಕ್ಕಳು ನೀರುಪಾಲಾದ ಸುದ್ದಿ ಓದುತ್ತೇವೆ. ಈಜು ಬಲ್ಲ ದೊಡ್ಡವರು ದಡದಲ್ಲಿ ಇಲ್ಲದೆ, ಉದ್ದದ ಹಗ್ಗವೋ ಗಾಳಿ ತುಂಬಿದ ಟ್ಯೂಬೋ ಕೈಗೆ ಸಿಗುವ ಹಾಗೆ ಇಡದೆ ಯಾರನ್ನೂ ಇಳಿಸಬೇಡಿ. ಎಷ್ಟೇ ಚೆನ್ನಾಗಿ ಈಜಿದರೂ ಅಷ್ಟೇ.

ಅಳಿಯನಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡ. "ರೈಲ್ವೇಲಿ ಕೆಲಸ ಸಿಕ್ರೆ ಅಮ್ಮ ಒಪ್ತಾಳೆ" ಅಂದ. ಅಕ್ಕ ಅಡುಗೆಮನೆಯಿಂದಲೇ, "ಮೊದ್ಲು ಎಂಟನೇ ಕ್ಲಾಸ್ ಗಣಿತ ಪಾಸಾಗು" ಅಂದಳು. ಮರುದಿನ ಬೆಳಗ್ಗೆ ನಾನು ಏರಿಯ ಕೆಳಗಿನ ಕಲ್ಲಿನ ಮೇಲೆ ಟ್ಯೂಬ್ ಇಟ್ಟುಕೊಂಡು ಕೂತೆ, ಅವನು ನೀರಿಗಿಳಿದು ಎರಡು ಕೈಯನ್ನೂ ಮೊಣಕೈ ಕಾಣುವಷ್ಟು ಮೇಲೆತ್ತಿ ಕಾಲಿನಲ್ಲೇ ನಿಲ್ಲಲು ನೋಡಿದ. ನಾನು ಎಣಿಸಿದೆ. ಮೊದಲ ಸಲ ಒಂಬತ್ತು ಸೆಕೆಂಡ್. ಸಂಜೆಯ ಹೊತ್ತಿಗೆ ಹದಿನಾಲ್ಕು.